ಮೊದಲ ಪದರದ ತಂಪು

ಪ್ರಯೋಗಾಲಯ, ಮೂರನೆಯ ಮಹಡಿ
ಫೆಬ್ರವರಿ 4

ನಮಸ್ಕಾರ.

ಇದು ಕೆಲಸದ ಪತ್ರ. ಲಕೋಟೆಯ ಮೇಲೂ ಹಾಗೆಂದು ಬರೆದಿದ್ದೇನೆ. ಇಲ್ಲದಿದ್ದರೆ ನನ್ನ ಕೈಬರಹ ನೋಡಿ ನೀವು ಬೇರೆ ಏನನ್ನೋ ಊಹಿಸಿಕೊಂಡು, ಒಡೆಯದೆ ಎರಡು ವಾರ ಮೇಜಿನ ಮೇಲೆ ಇಟ್ಟುಕೊಂಡಿರುತ್ತೀರಿ.

ನಿಮ್ಮ ಡಬ್ಬಿ ಇನ್ನೂ ಇದೆಯೇ? ಗಂಡಹೆಂಡಿರಾಗಿದ್ದಾಗ ನಾವಿಬ್ಬರೂ ಕೂತು ಕಟ್ಟಿದ, ಬಿಸಿ ತಂಪು ಅಳೆಯುವ ಎರಡು ಕ್ಯಾಲರಿಮೀಟರ್‌ಗಳಲ್ಲಿ ನಿಮ್ಮ ಪಾಲಿಗೆ ಬಂದದ್ದು. ಬೇರೆಯಾಗುವಾಗ ಪಾತ್ರೆ, ಪುಸ್ತಕ, ಕುರ್ಚಿ, ಎಲ್ಲದಕ್ಕೂ ಮಾತು ಬೆಳೆಯಿತು. ಜಗಳವಿಲ್ಲದೆ ಹಂಚಿಹೋದದ್ದು ಇವೆರಡೇ. ಒಂದರ ಹಾಗೆಯೇ ಇನ್ನೊಂದಿತ್ತು; ಆರಿಸಿಕೊಳ್ಳಲು ಏನೂ ಇರಲಿಲ್ಲ.

ವಿಷಯ ಇಷ್ಟು. ಬಂಗಾರದ ತೆಳುಹಾಳೆಯ ಮೇಲೆ, ವಿದ್ಯುತ್ ಹರಿಸಿ, ದ್ರಾವಣದಲ್ಲಿರುವ ತಾಮ್ರವನ್ನು ಕೂರಿಸುತ್ತಿದ್ದೇನೆ. ಒಂದೇ ಒಂದು ಪದರ, ಒಂದು ಪರಮಾಣುವಿನಷ್ಟು ದಪ್ಪ. ತಾಮ್ರ ಬಂದು ಕೂರುವಾಗ ಹಾಳೆ ತಣ್ಣಗಾಗುತ್ತದೆ, ಅದರಲ್ಲಿ ಹೊಸದೇನಿಲ್ಲ. ಎಷ್ಟು ತಣ್ಣಗಾಗುತ್ತದೆ ಎಂಬುದೇ ಪ್ರಶ್ನೆ. ತಾಮ್ರ ಕೂರುವುದೊಂದೇ ಅಲ್ಲಿ ನಡೆಯುವ ಕೆಲಸವಾದರೆ, ಲೆಕ್ಕದ ಪ್ರಕಾರ ಒಂದು ಮೋಲ್ ತಾಮ್ರ ಹಾಳೆಯಿಂದ ಐವತ್ತೆರಡು ಕಿಲೋಜೂಲ್ ಬಿಸಿಯನ್ನು ಎಳೆದುಕೊಳ್ಳಬೇಕು. ನನಗೆ ಎಪ್ಪತ್ತೊಂದು ಬರುತ್ತಿದೆ. ಮಿಕ್ಕ ತಂಪು ಎಲ್ಲಿಯದು? ಬಂಗಾರಕ್ಕೆ ಅಂಟಿಕೊಂಡಿದ್ದ ನೀರು ತಾಮ್ರಕ್ಕೆ ಜಾಗ ಬಿಟ್ಟು ಎದ್ದುಹೋಗುತ್ತಿದೆ, ಹೋಗುವಾಗ ತನ್ನ ಪಾಲಿನ ಬಿಸಿಯನ್ನೂ ಒಯ್ಯುತ್ತಿದೆ ಎಂದು ನನ್ನ ವಾದ. ಅಂಕಿ ಐವತ್ತೆರಡಕ್ಕಿಂತ ನಿಜವಾಗಿ ಮೇಲಿದ್ದರೆ ವಾದ ನಿಂತಿತು. ಇಲ್ಲದಿದ್ದರೆ, ನಾವು ಬೇರೆಯಾದ ಮೇಲೆ ನಾನು ಮಾಡಿದ ಅಷ್ಟೂ ಕೆಲಸ ಬಿತ್ತು.

ನನ್ನ ಲೇಖನ ಓದಿದ ಪರಿಶೀಲಕರು ಒಂದೇ ಮಾತು ಹೇಳಿ ಕಳಿಸಿದ್ದಾರೆ: ಇನ್ನೊಬ್ಬರು, ಇನ್ನೊಂದು ಯಂತ್ರದಲ್ಲಿ ಅಳೆದು ತೋರಿಸಲಿ. ಇಂಥ ಇನ್ನೊಂದು ಯಂತ್ರ ನಿಮ್ಮಲ್ಲಿ ಮಾತ್ರ ಇದೆ. ನನ್ನ ಮಾತಿಗೆ ನೀವು ಸುಲಭವಾಗಿ ಹೂಂ ಅನ್ನುವವರಲ್ಲ ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಹಾಗಾಗಿ ನಿಮ್ಮ ಸಾಕ್ಷಿಗೆ ತೂಕವೂ ಹೆಚ್ಚು.

ಬಂಗಾರದ ಹಾಳೆ ಇದರ ಜೊತೆಗಿದೆ. ಫೋನ್ ಬೇಡ. ಫೋನಿನಲ್ಲಿ ಮೂರನೆಯ ವಾಕ್ಯಕ್ಕೆ ನಮ್ಮ ಮಾತು ಎಲ್ಲಿಗೆ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿದೆ.


ಕಾಲೇಜು, ಹಿಂದಿನ ಕೋಣೆ
ಫೆಬ್ರವರಿ 19

ನಮಸ್ಕಾರ.

ಎರಡು ವಾರವಲ್ಲ, ನಾಲ್ಕೇ ದಿನ ಒಡೆಯದೆ ಇಟ್ಟಿದ್ದೆ.

ಡಬ್ಬಿ ಇದೆ. ಮೊದಲ ವರ್ಷದ ಹುಡುಗರಿಗೆ ಆಮ್ಲ ಯಾವುದು, ಕ್ಷಾರ ಯಾವುದು ಎಂದು ಹೇಳಿಕೊಡುವ ಕಾಲೇಜಿನಲ್ಲಿ ಅದಕ್ಕೇನು ಕೆಲಸ? ಒಡೆದ ಬೀಕರುಗಳ ಕಪಾಟಿನ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಮುಚ್ಚಳ ತೆಗೆದರೆ ಒಳಗೆ ಜೇಡವೊಂದು ಸಂಸಾರ ಹೂಡಿತ್ತು. ನಮಗಿಂತ ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದ ಹಾಗೆ ಕಂಡಿತು, ಎಬ್ಬಿಸಲು ಸಂಕೋಚವಾಯಿತು. ಮುಚ್ಚಳದ ಒಳಬದಿಯಲ್ಲಿ, ಡಬ್ಬಿಯ ಲೆಕ್ಕಕ್ಕೆಲ್ಲ ಆಧಾರವಾದ, ನಿಮ್ಮ ಕೈಬರಹದ 0.36 ಹಾಗೆಯೇ ಇದೆ. ಮಾಸಿಲ್ಲ.

ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಏನಂತೆ ಅವಳದು?"

"ತಾಮ್ರ ಕೂರುವಾಗ ಎಷ್ಟು ತಣ್ಣಗಾಗುತ್ತೆ ಅಂತ ಅಳೆದು ಹೇಳಬೇಕಂತೆ."

"ನೀವಿಬ್ಬರೂ ತಣ್ಣಗಾಗಿದ್ದನ್ನ ನಾನು ಯಾವ ಮಷೀನೂ ಇಲ್ದೆ ಅಳೆದಿದ್ದೆ ಕಣೋ. ಕೇಳಿದ್ರೆ ಹೇಳ್ತಿದ್ದೆ. ಯಾರು ಕೇಳ್ತೀರಿ?"

ಸ್ವಲ್ಪ ಹೊತ್ತಿನ ಮೇಲೆ, "ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಂತಾ?" ಎಂದಳು. ಅದನ್ನೆಲ್ಲ ಪತ್ರದಲ್ಲಿ ಬರೆದಿಲ್ಲ ಎಂದೆ. "ನಿಂಗೆ ಓದೋಕೆ ಬರಲ್ಲ" ಎಂದಳು.

ಅಳೆಯುತ್ತೇನೆ. ಒಂದು ಮಾತು. ನನಗೆ ಏನು ಬರುತ್ತದೋ ಅದನ್ನೇ ಬರೆಯುತ್ತೇನೆ. ನಲವತ್ತು ಬಂದರೆ ನಲವತ್ತು, ತೊಂಬತ್ತು ಬಂದರೆ ತೊಂಬತ್ತು. ಆಮೇಲೆ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ.


ಪ್ರಯೋಗಾಲಯ, ಮೂರನೆಯ ಮಹಡಿ
ಮಾರ್ಚ್ 3

ನಮಸ್ಕಾರ.

ಸಂತೋಷ. ನಿಮಗೆ ಗೊತ್ತಿಲ್ಲವೆಂದಲ್ಲ, ಆದರೂ ಹೇಳುತ್ತೇನೆ. ಹಾಳೆಯನ್ನು ಬೆರಳಿನಿಂದ ಮುಟ್ಟಬೇಡಿ. ದ್ರಾವಣ ಮತ್ತು ಡಬ್ಬಿ ಎರಡೂ ಒಂದೇ ಕೋಣೆಯಲ್ಲಿ ಹಗಲಿಡೀ ಇರಲಿ, ಒಂದಕ್ಕೊಂದು ಹೊಂದಿಕೊಳ್ಳಲಿ. ಮುಚ್ಚಳ ಹಾಕಿದ ಮೇಲೆ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಕೋಣೆಯಲ್ಲಿ ಒಬ್ಬ ಮನುಷ್ಯ ಕೂತರೆ ಒಂದು ಒಲೆ ಇಟ್ಟ ಹಾಗೆ. ಡಬ್ಬಿ ತಾಮ್ರವನ್ನು ಬಿಟ್ಟು ನಿಮ್ಮನ್ನು ಅಳೆಯಲು ಶುರುಮಾಡುತ್ತದೆ. ಬಾಗಿಲ ಸಂದಿಯಲ್ಲಿ ಬಗ್ಗಿ ನೋಡುವ ಅಭ್ಯಾಸ ನಿಮಗಿತ್ತು. ಅದೂ ಬೇಡ.

ಮುಚ್ಚಳದ ಮೇಲಿನ 0.36 ಅನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ನಾನೂ ಅದನ್ನೇ ತೆಗೆದುಕೊಳ್ಳುತ್ತಿದ್ದೇನೆ.

ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆ ಎಂದು ಅತ್ತೆಗೆ ಹೇಳಿ.


ಪ್ರಯೋಗಾಲಯ, ಮೂರನೆಯ ಮಹಡಿ
ಏಪ್ರಿಲ್ 10

ನಿಮ್ಮಿಂದ ಒಂದು ಸಾಲಿಲ್ಲ.

ಹಾಳೆ ಹರಿಯಿತೇ? ಹರಿದರೆ ಇನ್ನೊಂದು ಕಳಿಸುತ್ತೇನೆ. ಡಬ್ಬಿ ಕೆಟ್ಟಿದೆಯೇ? ಹಾಗಾದರೆ ಕೆಟ್ಟಿದೆ ಎಂದು ಬರೆಯಿರಿ. ಎರಡೂ ಅಲ್ಲವಾದರೆ ನಿಮ್ಮ ಮೌನದ ಅರ್ಥ ನನಗೆ ಗೊತ್ತು. ಈ ಮೌನದ ಜೊತೆ ಸಾಕಷ್ಟು ಕಾಲ ಒಂದೇ ಮನೆಯಲ್ಲಿದ್ದವಳು ನಾನು.

ಕೊನೆಗೊಮ್ಮೆ ನೀವು ಹೇಳಿದ್ದಿರಿ, "ನೀನು ಅಳೆಯೋದು ಏನಿದೆಯೋ ಅದನ್ನಲ್ಲ, ನಿನಗೇನು ಬೇಕೋ ಅದನ್ನ" ಎಂದು. ಆಗ ನಾವು ಮಾತಾಡುತ್ತಿದ್ದದ್ದು ಯಂತ್ರದ ವಿಷಯವಾಗಿರಲಿಲ್ಲ. ಆದರೂ ಆ ಮಾತನ್ನು ನಾನು ಪ್ರಯೋಗಾಲಯಕ್ಕೆ ತಂದುಕೊಂಡೆ. ಅವತ್ತಿನಿಂದ ಪ್ರತಿ ಅಳತೆಯನ್ನೂ ಆ ಮಾತಿಗೆ ಉತ್ತರ ಕೊಡುವ ಹಾಗೆ ಮಾಡಿದ್ದೇನೆ. ಎಪ್ಪತ್ತೊಂದು ನನಗೆ ಬೇಕಾಗಿ ಬಂದದ್ದಲ್ಲ. ಅದು ಬಂತು.

ನಿಮಗೆ ಬೇರೆ ಅಂಕಿ ಬಂದಿದ್ದರೆ ಧೈರ್ಯವಾಗಿ ಬರೆಯಿರಿ. ನಾನು ಗೆಲ್ಲುವುದನ್ನು ನೋಡಲು ಮನಸ್ಸಿಲ್ಲದಿದ್ದರೆ ಅದನ್ನಾದರೂ ಬರೆಯಿರಿ. ಏನೇ ಆದರೂ ನಾನು ನಿಲ್ಲಿಸುವುದಿಲ್ಲ.


ಕಾಲೇಜು, ಹಿಂದಿನ ಕೋಣೆ
ಏಪ್ರಿಲ್ 22

ಹಾಳೆ ಹರಿದಿಲ್ಲ. ಡಬ್ಬಿ ಕೆಟ್ಟಿಲ್ಲ.

ಮೊದಲ ಸಲಕ್ಕೇ ಎಪ್ಪತ್ತೊಂದು ಬಂತು. ಮಾರ್ಚ್ ಮಧ್ಯದಲ್ಲೇ ಬಂದಿತ್ತು. ಮತ್ತೆ ಮಾಡಿದೆ, ಮತ್ತೆ ಎಪ್ಪತ್ತೊಂದು. ದ್ರಾವಣ ಬದಲಿಸಿದೆ, ತಂತಿಗಳನ್ನು ಬದಲಿಸಿದೆ, ಕೋಣೆಯನ್ನೂ ಬದಲಿಸಿದೆ. ಬಾಗಿಲ ಸಂದಿಯಲ್ಲಿ ಬಗ್ಗಿ ನೋಡಲಿಲ್ಲ. ಎಪ್ಪತ್ತೊಂದು.

ಬರೆಯದೆ ಕೂತದ್ದು ಅದಕ್ಕೇ. ಅಂಕಿ ಬಂದ ದಿನ ಮನೆಗೆ ಬಂದು ಮೇಜಿನ ಮುಂದೆ ನಗುತ್ತಾ ಕೂತಿದ್ದೆನಂತೆ. ಅಮ್ಮ ಹೇಳಿದಳು. ನೀವು ಸರಿ ಎಂದು ಬರಲಿ ಎಂಬ ಆಸೆ ನನಗೆ ಇಷ್ಟೊಂದು ಇತ್ತು ಎಂಬುದು ನನಗೇ ಗೊತ್ತಿರಲಿಲ್ಲ. ಹಾಗೆ ಆಸೆಪಟ್ಟು ಅಳೆದವನ ಅಂಕಿಯನ್ನು ನಾನಾದರೆ ನಂಬುವುದಿಲ್ಲ. ನೀವೂ ನಂಬಬಾರದು.

ಇನ್ನೊಂದು ಸಂಗತಿ. ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಕೈ ಅಳೆದದ್ದು ಕೊಂಚವಾದರೂ ಆಚೀಚೆ ಆಗಬೇಕು. ನಿಮ್ಮದು ಎಪ್ಪತ್ತೊಂದು, ನನ್ನದು ಎಪ್ಪತ್ತೊಂದು. ಮದುವೆಯಾಗಿದ್ದಾಗ ಒಂದು ಪರದೆಯ ಬಣ್ಣಕ್ಕೂ ನಾವು ಇಷ್ಟು ಒಪ್ಪಿದವರಲ್ಲ. ಎಲ್ಲೋ ಏನೋ ಇದೆ. ಏನೆಂದು ಹೊಳೆಯುತ್ತಿಲ್ಲ. ಸ್ವಲ್ಪ ಸಮಯ ಕೊಡಿ.


ಪ್ರಯೋಗಾಲಯ, ಮೂರನೆಯ ಮಹಡಿ
ಮೇ 1

ಸಮಯ ನನ್ನ ಹತ್ತಿರ ಇಲ್ಲ.

ಮೊದಲ ಪತ್ರದಲ್ಲಿ ಇದನ್ನು ಬರೆಯಲಿಲ್ಲ. ಬರೆದಿದ್ದರೆ ನನಗಾಗಿ ಮರುಗಿ ಅಳೆಯುತ್ತೀರಿ ಎಂಬ ಭಯವಿತ್ತು. ಜುಲೈಯಲ್ಲಿ ಈ ಕೋಣೆ ನನ್ನದಲ್ಲ. ವಿಭಾಗದ ಮುಖ್ಯಸ್ಥರು ಬಾಗಿಲಲ್ಲೇ ನಿಂತು, ಒಳಗೂ ಬರದೆ, ಹೇಳಿ ಹೋದರು:

"ಮೇಡಂ, ಬೇಜಾರು ಮಾಡ್ಕೋಬೇಡಿ. ಬ್ಯಾಟರಿಯವರಿಗೆ ಜಾಗ ಬೇಕಂತೆ. ತಣ್ಣಗಾಗೋದನ್ನ ಅಳೆದು ಯಾರಿಗೇನು ಉಪಯೋಗ ಹೇಳಿ? ಫ್ಯಾನ್ ಹಾಕಿದ್ರೂ ತಣ್ಣಗಾಗುತ್ತೆ."

"ಬ್ಯಾಟರಿ ಯಾಕೆ ಬಿಸಿಯಾಗುತ್ತೆ ಅಂತ ಅವರಿಗೆ ಗೊತ್ತಾಗಬೇಕಾದ್ರೆ, ಸರ್, ಲೋಹದ ಮೈಮೇಲೆ ಏನಾಗುತ್ತೆ ಅಂತ ಯಾರಾದ್ರೂ ಮೊದಲು ಅಳೀಬೇಕಲ್ಲ."

"ಅಳೀರಿ, ಅಳೀರಿ. ಲೇಖನ ಒಪ್ಪಿಗೆ ಆಯ್ತು ಅಂತ ಕಾಗದ ತೋರಿಸಿ, ಕೋಣೆ ನಿಮ್ಮದೇ ಇರಲಿ. ಇಲ್ಲಾಂದ್ರೆ ನಾನೇನ್ ಮಾಡ್ಲಿ?"

ಹಾಗಾಗಿ ನಿಮ್ಮ ಆಸೆ, ನಿಮ್ಮ ಅನುಮಾನ ಎರಡನ್ನೂ ಸದ್ಯಕ್ಕೆ ನೀವೇ ಇಟ್ಟುಕೊಳ್ಳಿ. ಅಳೆದಿರಿ. ಎಪ್ಪತ್ತೊಂದು ಬಂತು. ಕಾಲೇಜಿನ ಹೆಸರಿರುವ ಕಾಗದದ ಮೇಲೆ ಅಷ್ಟನ್ನೇ ಬರೆದು ಸಹಿ ಹಾಕಿ ಕಳಿಸಿ. ಸುಳ್ಳು ಹೇಳಿ ಎಂದು ಕೇಳುತ್ತಿಲ್ಲ. ಕಂಡದ್ದನ್ನು ಹೇಳಿ ಎಂದು ಕೇಳುತ್ತಿದ್ದೇನೆ.


ಕಾಲೇಜು, ಹಿಂದಿನ ಕೋಣೆ
ಮೇ 14

ಸಹಿ ಹಾಕಿದ ಕಾಗದ ಇದರ ಜೊತೆಗಿದೆ. ಅದರಲ್ಲಿರುವ ಪ್ರತಿ ಮಾತೂ ನಿಜ. ಪರಿಶೀಲಕರಿಗೆ ಕಳಿಸಬಹುದು, ಕಳಿಸಿದರೆ ನಾನು ಹಿಂದೆಗೆಯುವುದಿಲ್ಲ. ಕಳಿಸುವ ಮೊದಲು ಕೆಳಗಿನದನ್ನು ಓದು.

ಭಾನುವಾರ ಅಮ್ಮನಿಗೆ ಮಂಡಿನೋವು. ನಾನೇ ಒಲೆಯ ಮುಂದೆ ನಿಂತು ಈರುಳ್ಳಿ ಹುರಿಯುತ್ತಿದ್ದೆ. ಎದುರಿನ ಗೋಡೆಯ ಗಡಿಯಾರ ಮಸುಕಾಯಿತು. ಕಣ್ಣಿಗೆ ವಯಸ್ಸಾಯಿತು ಅಂದುಕೊಂಡೆ. ಕನ್ನಡಕ ತೆಗೆದು ನೋಡಿದರೆ ಗಾಜಿನ ತುಂಬ ಎಣ್ಣೆಯ ಹೊಗೆ, ತೆಳ್ಳಗೆ, ಎರಡೂ ಕಡೆ ಒಂದೇ ಸಮ. ಒರೆಸಿಕೊಳ್ಳಲು ಅಂಗಿಯ ಅಂಚು ಎತ್ತಿದವನು ಹಾಗೆಯೇ ನಿಂತುಬಿಟ್ಟೆ. ಈರುಳ್ಳಿ ಸೀದುಹೋಯಿತು.

0.36 ಎಲ್ಲಿಂದ ಬಂತು, ನೆನಪಿದೆಯೇ? ಡಬ್ಬಿಗೆ ತಂಪಿನ ಅಳತೆ ಕಲಿಸಬೇಕಾದರೆ ಮೊದಲು ಬಿಸಿಯ ಅಳತೆ ಕಲಿಸಬೇಕಿತ್ತು. ಅದಕ್ಕೆ ಗೊತ್ತಿರುವಷ್ಟು ಹಸಿರು ಬೆಳಕನ್ನು ಹಾಳೆಯ ಮೇಲೆ ಬಿಡುತ್ತಿದ್ದೆವು. ಬಂಗಾರ ಅದರಲ್ಲಿ ಒಂದು ಪಾಲು ನುಂಗಿ ಬಿಸಿಯಾಗುತ್ತದೆ, ಉಳಿದದ್ದನ್ನು ವಾಪಸು ಎಸೆಯುತ್ತದೆ. ಎಷ್ಟು ಎಸೆಯುತ್ತದೆ ಎಂದು ಬೆಳಕಿನ ಮೀಟರಿನಲ್ಲಿ ನೋಡಿ, ಉಳಿದದ್ದು ನುಂಗಿದ್ದು ಎಂದು ಬರೆದುಕೊಂಡೆವು. ನೂರಕ್ಕೆ ಮೂವತ್ತಾರು. ಒಂದೇ ಸಲ ನೋಡಿದ್ದು. ಎರಡು ಮುಚ್ಚಳಕ್ಕೂ ನೀನೇ ಬರೆದೆ.

ಎಲ್ಲಿ ನೋಡಿದ್ದು? ಕತ್ತಲೆ ಬೇಕಿತ್ತು. ನಾವಿದ್ದ ಆ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಅಡುಗೆಮನೆ ಒಂದೇ. ಮೀಟರನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟಿದ್ದೆವು. ಬಾಣಲೆಯಲ್ಲಿ ಏನೋ ಹುರಿಯುತ್ತಿತ್ತು. ಹುರಿಯುತ್ತಿದ್ದದ್ದು ಯಾರು ಎಂಬುದು ನೆನಪಿಲ್ಲ. ಇಬ್ಬರಿಗೂ ವಿಪರೀತ ಹಸಿವಾಗಿತ್ತು ಎಂಬುದು ನೆನಪಿದೆ. ಹೊಗೆ ಮೀಟರಿನ ಗಾಜಿನ ಮೇಲೆ ಕೂತಿರಲೇಬೇಕು. ಗಾಜು ಮಸುಕಾದರೆ ವಾಪಸು ಬಂದ ಬೆಳಕು ಕಡಿಮೆ ಕಾಣುತ್ತದೆ. ಬಂಗಾರ ಹೆಚ್ಚು ನುಂಗಿತು ಎಂದು ನಾವು ನಂಬಿದೆವು. ಅಷ್ಟೊಂದು ಬಿಸಿಗೆ ಡಬ್ಬಿಯ ಮುಳ್ಳು ಇಷ್ಟೇ ಅಲ್ಲಾಡುತ್ತದೆ ಎಂದು ಬಗೆದೆವು. ಹಾಗಾಗಿ ಅವತ್ತಿನಿಂದ ನಮ್ಮ ಡಬ್ಬಿಗಳು ಎಲ್ಲವನ್ನೂ ಇದ್ದದ್ದಕ್ಕಿಂತ ದೊಡ್ಡದಾಗಿ ಹೇಳುತ್ತಿವೆ. ಎರಡೂ ಒಂದೇ ಸಮ.

ಮೀಟರು ಎರವಲು ತಂದದ್ದು, ಮರುದಿನವೇ ಹಿಂತಿರುಗಿಸಿದೆವು. ಈಗ ಅದನ್ನು ಹಿಡಿದು ಕೇಳುವ ಹಾಗಿಲ್ಲ. ನನ್ನದು ಬರೀ ಊಹೆಯೂ ಇರಬಹುದು. ಆದರೆ ಎರಡು ಊರಿನ ಎಪ್ಪತ್ತೊಂದಕ್ಕೆ ಇದಕ್ಕಿಂತ ಸರಳವಾದ ಕಾರಣ ನನಗೆ ಕಾಣುತ್ತಿಲ್ಲ. ನಾವಿಬ್ಬರು ಬೇರೆ ಬೇರೆ ಸಾಕ್ಷಿಗಳಲ್ಲ. ಒಂದೇ ಅಡುಗೆಮನೆಯ ಎರಡು ಸಾಕ್ಷಿಗಳು.

ನಿಜವಾದ ಅಂಕಿ ಎಪ್ಪತ್ತೊಂದಕ್ಕಿಂತ ಕೆಳಗಿದೆ. ಎಷ್ಟು ಕೆಳಗೆ, ಗೊತ್ತಿಲ್ಲ. ಐವತ್ತೆರಡಕ್ಕೇ ಹೋಗಿ ಮುಟ್ಟಿದರೂ ಮುಟ್ಟಬಹುದು.

ಜುಲೈ ಹತ್ತಿರ ಬಂದಿದೆ ಎಂಬುದು ಗೊತ್ತಿದೆ. ಸಹಿ ಹಾಕಿದ ಕಾಗದ ನಿನ್ನ ಕೈಯಲ್ಲಿದೆ. ಈ ಪತ್ರ ಬೇರೆ ಯಾರೂ ಓದುವುದಿಲ್ಲ.


ಪ್ರಯೋಗಾಲಯ, ಮೂರನೆಯ ಮಹಡಿ
ಜೂನ್ 2

ನಿನ್ನ ಪತ್ರ ಬಂದ ದಿನ ಸಿಟ್ಟು ಬಂತು. ಮಾರನೆಯ ದಿನ ನಿನ್ನ ತಪ್ಪು ಹುಡುಕಲು ಕೂತೆ. ಒಂದು ವಾರ ಕೂತೆ. ಸಿಗಲಿಲ್ಲ.

ಹುರಿಯುತ್ತಿದ್ದದ್ದು ನಾನು. ಮೀಟರಿನ ಅಂಕಿ ಓದುತ್ತಿದ್ದದ್ದೂ ನಾನೇ. ಬಾಣಲೆ ಇಳಿಸಿ ಓದು ಎಂದು ನೀನು ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಲೆಕ್ಕ ಸರಿಹೋಯಿತು.

ನೀನು ಸಹಿ ಹಾಕಿದ ಕಾಗದ ಉಪಯೋಗಕ್ಕೆ ಬಂತು. ನಾಲ್ಕು ಮಡಿಕೆ ಮಡಚಿ ಮೇಜಿನ ಕುಂಟುಕಾಲಿನ ಕೆಳಗೆ ಇಟ್ಟಿದ್ದೇನೆ. ಈಗ ಡಬ್ಬಿ ಅಲ್ಲಾಡುವುದಿಲ್ಲ. ಪರಿಶೀಲಕರಿಗೆ ಲೇಖನ ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಬರೆದೆ. ಮುಖ್ಯಸ್ಥರಿಗೂ ಹೋಗಿ ಹೇಳಿದೆ.

"ಅಲ್ಲ ಮೇಡಂ, ಸಾಕ್ಷಿ ಸಿಕ್ಕಿತು ಅಂದಿರಿ. ಈಗ ನೀವೇ ಬೇಡ ಅಂತೀರಿ. ಯಾರ ಜೊತೆ ಜಗಳ ನಿಮ್ಮದು?"

"ಯಾರ ಜೊತೆನೂ ಇಲ್ಲ ಸರ್. ಒಂದು ಅಡುಗೆಮನೆ ಜೊತೆ."

ಅವರಿಗೆ ಅರ್ಥವಾಗಲಿಲ್ಲ. ಆದರೆ ಬೆಳಿಗ್ಗೆ ಅವರು ಬರುವ ಮೊದಲೇ ಅವರ ಬಾಗಿಲಲ್ಲಿ ನಿಲ್ಲುವುದನ್ನು ನಾನು ಬಿಡಲಿಲ್ಲ. ಮೂರನೆಯ ದಿನ, "ಜುಲೈ ಪೂರ್ತಿ ಇಟ್ಕೊಳ್ಳಿ, ದಿನಾ ಬೆಳಿಗ್ಗೆ ನಿಮ್ಮ ಮುಖ ನೋಡೋಕಾಗಲ್ಲ" ಎಂದರು. ಅಷ್ಟು ಸಾಕು.

ಈಗ ಕೇಳು. 0.36 ಅನ್ನು ನನ್ನ ಮುಚ್ಚಳದಿಂದ ಒರೆಸಿದ್ದೇನೆ. ನೀನೂ ಒರೆಸು. ನಾನು ಬೆಳಕನ್ನೇ ಬಿಟ್ಟಿದ್ದೇನೆ. ಹಾಳೆಯ ಬೆನ್ನಿಗೆ ಕೂದಲಿನಂಥ ತಂತಿ ಅಂಟಿಸಿ, ವಿದ್ಯುತ್ತಿನಿಂದ ಬಿಸಿಮಾಡಿ ಡಬ್ಬಿಗೆ ಹೊಸದಾಗಿ ಪಾಠ ಹೇಳುತ್ತಿದ್ದೇನೆ. ನೀನು ಇದನ್ನೇ ಮಾಡಬೇಡ. ನಿನ್ನದೇ ಬೇರೆ ದಾರಿ ಹುಡುಕು. ಯಾವುದೆಂದು ನನಗೆ ಹೇಳಲೂ ಬೇಡ. ಅಂಕಿಯನ್ನಂತೂ ಹೇಳಲೇಬೇಡ. ಜೂನ್ ಮೂವತ್ತರಂದು ನೀನು ಬರೆದು ಅಂಚೆಗೆ ಹಾಕು, ನಾನೂ ಅವತ್ತೇ ಹಾಕುತ್ತೇನೆ. ಎರಡೂ ದಾರಿಯಲ್ಲಿ ಒಂದನ್ನೊಂದು ಹಾದುಹೋಗಲಿ. ನನ್ನದು ಓದಿ ನೀನು ತಿದ್ದಿಕೊಳ್ಳುವ ಹಾಗಿಲ್ಲ, ನಿನ್ನದು ಓದಿ ನಾನು ತಿದ್ದಿಕೊಳ್ಳುವ ಹಾಗಿಲ್ಲ. ನಾನು ಸರಿ ಎಂದು ಬರಲಿ ಅನ್ನುವ ಆಸೆ ನಿನಗಿದ್ದರೆ ಇರಲಿ. ಎತ್ತ ಕಡೆಗೆ ಆಸೆಪಡಬೇಕು ಎಂಬುದು ಈ ಸಲ ನಿನಗೆ ಗೊತ್ತಿರುವುದಿಲ್ಲ.

ಅತ್ತೆಯ ಮಂಡಿಗೆ ಬಿಸಿನೀರಿನ ಶಾಖ ಕೊಡು. ತುಂಬ ಬಿಸಿ ಬೇಡ.


ಪ್ರಯೋಗಾಲಯ, ಮೂರನೆಯ ಮಹಡಿ
ಜೂನ್ 30

ಐವತ್ತೊಂಬತ್ತು. ಎರಡು ಆಚೆ, ಎರಡು ಈಚೆ.

ಎಪ್ಪತ್ತೊಂದು ಹೋಯಿತು. ಮೊದಲ ಅಳತೆ ಮುಗಿದಾಗ ಅದಕ್ಕಾಗಿ ಸ್ವಲ್ಪ ದುಃಖಪಟ್ಟೆ. ಬಹಳ ದಿನ ಜೊತೆಗಿದ್ದ ಅಂಕಿ. ಆಮೇಲೆ ಐವತ್ತೊಂಬತ್ತನ್ನು ನೋಡುತ್ತಾ ಕೂತೆ. ಐವತ್ತೆರಡಕ್ಕಿಂತ ಮೇಲೆಯೇ ಇದೆ; ನೀರು ಎದ್ದುಹೋಗುವುದು ನಿಜ. ನಾನಂದುಕೊಂಡಷ್ಟು ಸದ್ದು ಮಾಡಿಕೊಂಡು ಹೋಗುವುದಿಲ್ಲ, ಅಷ್ಟೆ.

ಇದು ನನ್ನೊಬ್ಬಳ ಅಂಕಿ. ನಿನಗೆ ಐವತ್ತೆರಡು ಬಂದಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಚ್ಚುಹಾಕಿಸುತ್ತೇನೆ, ಯಾವುದು ಸರಿಯೋ ಗೊತ್ತಿಲ್ಲ ಎಂದು ಕೆಳಗೆ ಬರೆಯುತ್ತೇನೆ. ಕೋಣೆ ಹೋದರೆ ಡಬ್ಬಿಯನ್ನು ಮನೆಗೆ ಒಯ್ಯುತ್ತೇನೆ. ಅಡುಗೆಮನೆಯಲ್ಲಿ ಮಾತ್ರ ಇಡುವುದಿಲ್ಲ.

ಅಂಚೆ ಡಬ್ಬ ರಸ್ತೆಯ ಆ ಬದಿಗಿದೆ. ಹೋಗಿ ಹಾಕಿ ಬರುತ್ತೇನೆ.


ಕಾಲೇಜು, ಹಿಂದಿನ ಕೋಣೆ
ಜೂನ್ 30

ಐವತ್ತೆಂಟು. ಮೂರು ಆಚೆ, ಮೂರು ಈಚೆ. ನನ್ನ ಕೈ ನಿನ್ನ ಕೈಯಷ್ಟು ಸ್ಥಿರವಲ್ಲ, ಅದಕ್ಕೆ ಮೂರು.

ದಾರಿ ಯಾವುದೆಂದು ಈಗ ಹೇಳಬಹುದು. ಹುಡುಗರ ಪ್ರಯೋಗಕ್ಕೆ ತಂದಿಟ್ಟ ಹಳದಿ ದ್ರಾವಣವೊಂದಿದೆ; ವಿದ್ಯುತ್ ಹರಿಸಿದರೆ ಅದು ಎಷ್ಟು ಬಿಸಿಯಾಗುತ್ತದೆ ಎಂಬುದರ ಬಗ್ಗೆ ಲೋಕದಲ್ಲಿ ಯಾರಿಗೂ ತಕರಾರಿಲ್ಲ. ಅದರಿಂದ ಡಬ್ಬಿಗೆ ಪಾಠ ಹೇಳಿಸಿದೆ. ಮುಚ್ಚಳದ 0.36 ಒರೆಸಲು ಮೂರು ದಿನ ತಡಮಾಡಿದೆ. ಕೊನೆಗೆ ಒರೆಸಿದೆ.

ಇಷ್ಟು ಬರೆದಿಟ್ಟು, ಲಕೋಟೆಗೆ ಹಾಕುವ ಮೊದಲು ಊಟಕ್ಕೆ ಕೂತೆ. ಅಮ್ಮ ಬಡಿಸುತ್ತಾ ಕೇಳಿದಳು.

"ಅವಳಿಗೆಷ್ಟು ಬಂತಂತೆ?"

"ಗೊತ್ತಿಲ್ಲ."

"ನಿಂದು ಸರಿನೋ ತಪ್ಪೋ?"

"ಅದೂ ಗೊತ್ತಿಲ್ಲಮ್ಮ."

"ಎರಡೂ ಗೊತ್ತಿಲ್ಲ, ಆದ್ರೂ ಎರಡನೇ ಸಲ ಅನ್ನ ಹಾಕಿಸ್ಕೊಂಡೆ ನೋಡು" ಎಂದಳು.

ತಟ್ಟೆ ನೋಡಿದೆ. ಹೌದು, ಹಾಕಿಸಿಕೊಂಡಿದ್ದೆ.